ಕಾಗೆ ಎಂಬ ಆಕಾಶಗಾಡಿ

ನಮ್ಮೂರಿನ ಬಸ್ಸಿಗೆ ಸತ್ತು ನಾಲ್ಕನೆಯ ದಿನ ಸಮಾಧಿಯಿಂದ ಎದ್ದುಬಂದ ಲಾಜರನ ಹೆಸರಿಟ್ಟವರು ಒಳ್ಳೆಯ ಮನಸ್ಸಿನಿಂದಲೇ ಇಟ್ಟಿರಬೇಕು. ಆದರೆ ಅದು ದಾರಿಯಲ್ಲಿ ಕೆಟ್ಟು ನಿಂತರೆ ನಾಲ್ಕನೆಯ ದಿನದವರೆಗೆ ಯಾವ ಮೆಕ್ಯಾನಿಕ್ಕಿಗೂ ಜಗ್ಗುವುದಿಲ್ಲ. ನಾಲ್ಕನೆಯ ದಿನ ಯಾರಾದರೂ ಎದುರಿಗೆ ನಿಂತು 'ಹೊರಗೆ ಬಾ' ಎಂದು ಗಟ್ಟಿಯಾಗಿ ಕೂಗಿದರೆ ತಾನಾಗಿಯೇ ಗುರುಗುಟ್ಟಿ ಹೊರಡುತ್ತದೆ, ಒಂದಿಷ್ಟು ವಾಸನೆ ಹೊಡೆಯುತ್ತಾ. ಮನ್ನ ಬೇಕರಿಯ ಬನ್ನು, ದೇವರು ಆಕಾಶದಿಂದ ಸುರಿಸಿದ ಮನ್ನದಂತೆಯೇ, ಬೆಳಿಗ್ಗೆ ಜೇನು ಸವರಿದಂತಿರುತ್ತದೆ. ನಾಳೆಗಿರಲಿ ಎಂದು ಡಬ್ಬಿಯಲ್ಲಿಟ್ಟರೆ ಹುಳ. ಕೂದಲಿನಲ್ಲೇ ಬಲವಿದ್ದ ಸಂಸೋನನ ಹೆಸರಿನ ಕ್ಷೌರದಂಗಡಿಗೆ ಹೋದವರು ತಲೆ ಹಗುರ ಮಾಡಿಕೊಂಡು ಎದ್ದರೆ ಕಾಲು ನಿಲ್ಲುವುದಿಲ್ಲ. ಅಂಗಡಿಯವನು ಮರ್ಯಾದಸ್ಥ. ಹೊರಗೊಂದು ಬೆಂಚು ಹಾಕಿಸಿ, ಒಂದು ಮಡಕೆ ಮಜ್ಜಿಗೆ ಇಟ್ಟಿದ್ದಾನೆ.

ಹಾಗಿದ್ದರೆ ಬೇರೆ ಹೆಸರಿಡಬಾರದೇ ಎಂದು ಹೊರಗಿನವರು ಕೇಳುತ್ತಾರೆ. ಇಟ್ಟು ನೋಡಿದ್ದೇವೆ. ಹೆಸರಿಲ್ಲದ ಯಂತ್ರ ನಮ್ಮೂರಿನಲ್ಲಿ ಮಿಸುಕುವುದಿಲ್ಲ, ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಇಲ್ಲದ ಹೆಸರಿಟ್ಟರೂ ಮಿಸುಕುವುದಿಲ್ಲ. ಇಟ್ಟ ಮೇಲೆ ಆ ಹೆಸರಿನ ಕಥೆ ಕೊನೆಯವರೆಗೂ ವಸ್ತುವಿಗೆ ಅಂಟುತ್ತದೆ, ಒಮ್ಮೆ ಅಂಟಿದ್ದು ಬಿಡುವುದೂ ಇಲ್ಲ. ಪುಣ್ಯಕ್ಕೆ ಇದೆಲ್ಲ ವಸ್ತುಗಳಿಗೆ ಮಾತ್ರ. ಮನುಷ್ಯರಿಗೂ ತಾಗುವಂತಿದ್ದರೆ ನಮ್ಮ ಪೋಸ್ಟ್‌ಮ್ಯಾನ್ ಸೊಲೊಮೋನನಿಗೆ ಇಷ್ಟು ಹೊತ್ತಿಗೆ ಒಂದು ಚಿಟಿಕೆಯಾದರೂ ಬುದ್ಧಿ ಬರಬೇಕಿತ್ತು.

ನಾನು ಚರ್ಚಿನ ಸಭೆಯ ವಾಚನಾಲಯ ನೋಡಿಕೊಳ್ಳುವವಳು. ಓದಿದ್ದು ಬಿ.ಎ., ಇತಿಹಾಸ. ಬಹಳ ವರ್ಷ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದ್ದರಿಂದ ದೊಡ್ಡವರಿಗೆ ಟೀಚರಮ್ಮ, ಚಿಕ್ಕವರಿಗೆ ಟೀಚರಜ್ಜಿ. ಊರಿನಲ್ಲಿ ನನಗೊಂದು ಕೆಲಸವಿತ್ತು, ಯಾರೂ ನೇಮಿಸಿದ್ದಲ್ಲ. ಇಬ್ಬರ ನಡುವೆ ಜಗಳವಾಗಿ ಯಾರು ಏನಂದರು ಎಂಬುದು ತೀರ್ಮಾನವಾಗದಿದ್ದರೆ ನನ್ನನ್ನು ಕರೆಯುತ್ತಿದ್ದರು. ಟೀಚರಮ್ಮ ಕೇಳಿಸಿಕೊಂಡಿದ್ದೇ ನಿಜ ಎಂದು ಎರಡೂ ಕಡೆಯವರು ಒಪ್ಪಿ ಮನೆಗೆ ಹೋಗುತ್ತಿದ್ದರು. ಆ ಕೆಲಸ ನನಗೆ ಇಷ್ಟವಾಗಿತ್ತು ಎಂದು ಹೇಳಲು ನಾಚಿಕೆಯೇನಿಲ್ಲ.

ತಬಿತಾ ಮನ್ನ ಬೇಕರಿಯ ಪ್ರಫುಲ್ಲಾಳ ಮಗಳು. ಪಿ.ಯು.ಸಿ. ಮುಗಿಸಿದ್ದಳು. ವಾಚನಾಲಯಕ್ಕೆ ಹರೆಯದವರಿಗೆಂದು ಬರುತ್ತಿದ್ದ ಆಕಾಶಯಾನದ ಕಾದಂಬರಿಗಳನ್ನೆಲ್ಲ ಅವಳೊಬ್ಬಳೇ ಓದಿ ಮುಗಿಸಿದ್ದಳು. ಆ ಪುಸ್ತಕಗಳಲ್ಲಿ ಯಾವ ನೌಕೆ ನೋಡಿದರೂ ಅದಕ್ಕೊಂದು ಸತ್ಯವೇದದ ಹೆಸರು. ಹದಿನಾರು ವರ್ಷದ ಹುಡುಗನೊಬ್ಬ ಬಾಬೆಲ್ ಎಂಬ ನೌಕೆ ಹತ್ತಿ ನಕ್ಷತ್ರ ಗೆಲ್ಲಲು ಹೊರಡುತ್ತಾನೆ. ಹುಡುಗಿಯೊಬ್ಬಳು ಏದೆನ್ ಎಂಬ ಗ್ರಹ ಹುಡುಕುತ್ತಾಳೆ.

"ಈ ಬರೆಯೋರೆಲ್ಲ ಅಧ್ಯಾಯದ ಮೊದಲರ್ಧ ಮಾತ್ರ ಓದ್ತಾರಾ ಟೀಚರಜ್ಜಿ?" ಎಂದು ಒಂದು ಮಧ್ಯಾಹ್ನ ಪುಸ್ತಕ ಮುಚ್ಚಿ ಕೇಳಿದಳು. "ಬಾಬೆಲ್ ಅಂದ್ರೆ ಎತ್ತರ, ಆಸೆ, ಛಲ, ಎಲ್ಲ ಸರಿ. ಆಮೇಲೆ ಏನಾಯ್ತು ಅಂತ ಒಬ್ರೂ ತಲೆ ಕೆಡಿಸ್ಕೊಳ್ಳಲ್ವಲ್ಲ."

"ಅವರ ಊರಲ್ಲಿ ಹೆಸರು ಬರೀ ಹೆಸರು ಕಣೇ. ಅಲಂಕಾರ."

"ಎಷ್ಟು ಆರಾಮು ನೋಡಿ."

ನಮ್ಮ ಪುರಸಭೆಯ ಇಂಜಿನಿಯರೊಬ್ಬರು ನೀರಿನ ಟ್ಯಾಂಕಿಗೆ ತಮಾಷೆಗೆಂದು ಬಾಬೆಲ್ ಎಂದು ಹೆಸರಿಟ್ಟಿದ್ದರು. ಕೊನೆಯ ವರಸೆ ಕಟ್ಟುವಾಗ ಗಾರೆಯವರ ಮಾತು ಒಬ್ಬರಿಗೊಬ್ಬರಿಗೆ ತಿಳಿಯದೆ ಹೋಯಿತು. ಇಟ್ಟಿಗೆ ಕೇಳಿದವನಿಗೆ ಬೀಡಿ ಸಿಕ್ಕಿತು, ಬೀಡಿ ಕೇಳಿದವನಿಗೆ ಇಟ್ಟಿಗೆ. ಈಗಲೂ ಟ್ಯಾಂಕಿಗೆ ಮುಚ್ಚಳವಿಲ್ಲ.

ತಬಿತಾಳಿಗೆ ಇದ್ದದ್ದು ಒಂದೇ ಆಸೆ. ಸತ್ಯವೇದದ ಆದಿಕಾಂಡದ ಮೊದಲ ಪುಟದಲ್ಲೇ ಆಕಾಶದ ಕೆಳಗೂ ನೀರು, ಮೇಲೂ ನೀರು ಎಂದು ಬರುತ್ತದೆ. ಕೆಳಗಿನದ್ದನ್ನು ಎಲ್ಲರೂ ನೋಡಿದ್ದಾರೆ, ಮೇಲಿನದ್ದನ್ನು ನೋಡಿ ಬಂದು ಹೇಳಿದವರು ಯಾರು? ಅದನ್ನು ಮೊದಲು ಹೇಳುವವಳು ತಾನಾಗಬೇಕು. ನೋಡುವುದಕ್ಕಿಂತ ಹೇಳುವುದರ ಮೇಲೇ ಅವಳ ಆಸೆ ಹೆಚ್ಚಿತ್ತು ಎಂದು ನನಗನಿಸುತ್ತದೆ. ಊರಿನ ಚೌಕದಲ್ಲಿ ನಿಂತು "ನಾನು ನೋಡ್ದೆ" ಅನ್ನಬೇಕು, ಎಲ್ಲರೂ ಬಾಯಿ ತೆರೆದು ಕೇಳಬೇಕು. ಹರೆಯದಲ್ಲಿ ಇಷ್ಟೂ ಬೇಡವೇ?

ಬೇಕರಿಯ ಹಿತ್ತಲಲ್ಲಿ ಹಳೆಯ ಒಲೆಯ ತಗಡು, ಒಂದು ಸಿಂಟೆಕ್ಸ್ ಟ್ಯಾಂಕು, ಆಟೋದ ಸೀಟು ಸೇರಿಸಿ ಅವಳು ಆಕಾಶಗಾಡಿ ಕಟ್ಟಿದಳು. ಅದು ಹೇಗೆ ಹಾರುತ್ತದೆ ಎಂದು ನನ್ನನ್ನು ಕೇಳಬೇಡಿ, ನಾನು ಓದಿದ್ದು ಇತಿಹಾಸ. ಎಲ್ಲ ಮುಗಿದ ಮೇಲೆ ಉಳಿದದ್ದು ಹೆಸರು. ಅದನ್ನು ನಮ್ಮೂರಿನಲ್ಲಿ ಒಬ್ಬರೇ ನಿರ್ಧರಿಸುವುದಿಲ್ಲ, ಭಾನುವಾರದ ಆರಾಧನೆ ಮುಗಿದ ಮೇಲೆ ದೇವಾಲಯದ ಜಗುಲಿಯಲ್ಲಿ ಕುಳಿತು ನಿರ್ಧರಿಸುತ್ತಾರೆ. ಅಂದು ಸಭಾಪಾಲಕರಾದ ಜಯಕರ ಅಯ್ಯನವರು ಕನ್ನಡಕ ಹಾಕಿಕೊಂಡು ತಮ್ಮ ದಪ್ಪ ಸತ್ಯವೇದವನ್ನು ಮಡಿಲಲ್ಲಿಟ್ಟುಕೊಂಡರು.

"ಎಲೀಯನ ರಥ," ಅಂದ ಸೊಲೊಮೋನ, ಎಲ್ಲರಿಗಿಂತ ಮೊದಲು. "ಬೆಂಕಿ ರಥ, ಬೆಂಕಿ ಕುದುರೆ. ಭರ್ರಂತ ಹೋಗುತ್ತೆ."

ಪ್ರಫುಲ್ಲಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಹೋಗುತ್ತೆ ಅಣ್ಣಯ್ಯ. ವಾಪಸ್ ಬಂದಿದ್ದು ಏನು? ಎಲೀಯನ ಕಂಬಳಿ. ನನಗೆ ಕಂಬಳಿ ಬೇಡ, ಮಗಳು ಬೇಕು."

"ಹನೋಕ? ಅವನೂ ಸಾಯದೇ ಮೇಲಕ್ಕೆ ಹೋದೋನು."

"ಅವನು ಕಂಬಳೀನೂ ಕಳಿಸ್ಲಿಲ್ಲ."

ಯಾಕೋಬನ ಏಣಿ ಎಂದರು ಅಯ್ಯನವರು. ಯಾಕೋಬ ಕನಸಿನಲ್ಲಿ ಕಂಡ ಆ ಏಣಿಯಲ್ಲಿ ದೇವದೂತರು ಹತ್ತಿದ್ದೂ ಉಂಟು, ಇಳಿದದ್ದೂ ಉಂಟು, ತಾಯಿಯ ಮನಸ್ಸಿಗೂ ನೆಮ್ಮದಿ. ಎಲ್ಲರೂ ತಲೆಯಾಡಿಸುವಷ್ಟರಲ್ಲಿ ತಬಿತಾ ಎದ್ದು ನಿಂತಳು. "ಅಷ್ಟೂ ಹೊತ್ತು ಯಾಕೋಬ ನಿದ್ದೆ ಮಾಡ್ತಿದ್ದ, ಅಯ್ಯನೋರೇ. ನಾನೂ ನಿದ್ದೆ ಮಾಡ್ತೀನಿ. ಅದಕ್ಕೆ ಗಾಡಿ ಯಾಕೆ? ಸೊಲೊಮೋನ್ ಮಾಮ ನಿಮ್ಮ ಪ್ರಸಂಗದಲ್ಲಿ ಬೆಂಚಿನ ಮೇಲೇ ಹೋಗಿಬರ್ತಾರಲ್ಲ."

ಜಗುಲಿಯೆಲ್ಲ ನಕ್ಕಿತು. ಸೊಲೊಮೋನನೂ ನಕ್ಕ. ಆಮೇಲೆ ಪಾರಿವಾಳ ಎಂಬ ಮಾತು ಬಂತು. ಜಲಪ್ರಳಯದಲ್ಲಿ ನೆಲ ಹುಡುಕಲು ನಾವೆಯಿಂದ ಬಿಟ್ಟ ನೋಹನ ಪಾರಿವಾಳ ಚಂದದ ಹೆಸರು. ಮೊದಲ ಸಲ ಬರಿಗೊಕ್ಕಿನಲ್ಲಿ ಹಿಂತಿರುಗಿತು, ಎರಡನೆಯ ಸಲ ಎಲೆ ತಂದಿತು. ಮೂರನೆಯ ಸಲ ಹೋದದ್ದು ಬರಲೇ ಇಲ್ಲ.

"ಎರಡು ಸಲ ಹೋಗಿಬಂದು ಸುಮ್ನಿರು," ಅಂದಳು ಪ್ರಫುಲ್ಲಾ.

"ನೀನು ಎರಡು ಬನ್ನು ಬೇಯಿಸಿ ಸುಮ್ನಿರ್ತೀಯಾ?" ಅಂದಳು ಮಗಳು.

ಆಮೇಲೆ ಅವಳೇ ಅಯ್ಯನವರ ಮಡಿಲಿನಿಂದ ಪುಸ್ತಕ ತೆಗೆದುಕೊಂಡು ಅದೇ ಪುಟದಲ್ಲಿ ಬೆರಳಿಟ್ಟಳು. ಪಾರಿವಾಳಕ್ಕೂ ಮೊದಲು ನೋಹ ಒಂದು ಕಾಗೆ ಬಿಟ್ಟಿದ್ದ. ಅದು ಹೋಗುತ್ತಿತ್ತು, ಬರುತ್ತಿತ್ತು. ನೀರು ಆರುವ ತನಕ ಅದರ ಕೆಲಸ ಅದೇ. ಕಳೆದುಹೋಯಿತು ಎಂದೂ ಇಲ್ಲ, ಸತ್ತಿತು ಎಂದೂ ಇಲ್ಲ. "ಹೋಗೋದು, ಬರೋದು," ಅಂದಳು ತಬಿತಾ. "ನನಗೆ ಬೇಕಾಗಿರೋದೂ ಅಷ್ಟೇ."

ನಮ್ಮ ಅಜ್ಜಂದಿರು ಸತ್ಯವೇದ ಹಿಡಿದು ಎಷ್ಟೋ ಕಾಲವಾಗಿದ್ದರೂ ಕಾಗೆಯ ವಿಷಯದಲ್ಲಿ ನಾವು ಇನ್ನೂ ಪೂರ್ತಿ ದೀಕ್ಷೆ ತೆಗೆದುಕೊಂಡಿಲ್ಲ. ತಲೆಗೆ ಕಾಗೆ ಬಡಿದರೆ ಅಯ್ಯನವರೂ ಯಾರಿಗೂ ಹೇಳದೆ ಸ್ನಾನ ಮಾಡುತ್ತಾರೆ.

"ಹೆಣ್ಣುಮಗು ಹತ್ತೋ ಗಾಡಿಗೆ ಕಾಗೆ ಅಂತಾರೇನೇ?" ಪ್ರಫುಲ್ಲಾಳಿಗೆ ಅಳುವೇ ಬಂತು. "ತಿಥಿ ಮನೆ ಹಕ್ಕಿ ಅದು."

"ಅದು ಪಕ್ಕದ ಬೀದಿಯವರ ಲೆಕ್ಕ," ಅಂದರು ಅಯ್ಯನವರು, ತಾವೇ ಧೈರ್ಯ ತಂದುಕೊಳ್ಳುತ್ತಾ. "ನಮ್ಮ ಪುಸ್ತಕದಲ್ಲಿ ಕಾಗೆ ಒಳ್ಳೇದು. ಎಲೀಯನಿಗೆ ಬರಗಾಲದಲ್ಲಿ ರೊಟ್ಟಿ, ಮಾಂಸ ತಂದುಕೊಟ್ಟಿದ್ದೂ ಕಾಗೆಗಳೇ."

ಅವರು ಸಂಜೆಯವರೆಗೆ ಕುಳಿತು ಸತ್ಯವೇದದಲ್ಲಿ ಕಾಗೆ ಬರುವ ಜಾಗವನ್ನೆಲ್ಲ ಹುಡುಕಿ ನೋಡಿದರು. ನಾನೂ ಜೊತೆಗೆ ಕುಳಿತೆ. ಎಲ್ಲಿಯೂ ಅಪಾಯ ಕಾಣಲಿಲ್ಲ. ಗಾಡಿಯ ಮೇಲೆ ಬಿಳಿ ಬಣ್ಣದಲ್ಲಿ 'ಕಾಗೆ' ಎಂದು ಬರೆದದ್ದು ನಾನೇ. ತಬಿತಾಳ ಅಕ್ಷರ ಚೆನ್ನಾಗಿಲ್ಲ.

ಮರುದಿನ ಬೆಳಿಗ್ಗೆ ಅವಳು ಹೊರಟಾಗ ಊರಿಗೆ ಊರೇ ಹಿತ್ತಲಲ್ಲಿತ್ತು. ಕ್ಷೌರದಂಗಡಿಯವನು ತನ್ನ ಬೆಂಚು ಹೊತ್ತು ತಂದು ಮುದುಕಿಯರನ್ನು ಕೂರಿಸಿದ. ಪ್ರಫುಲ್ಲಾ ಬಿಸಿ ಬನ್ನು ಕಟ್ಟಿಕೊಟ್ಟು, ಗಾಡಿಯ ಬಾಗಿಲನ್ನು ಮಗಳ ಕೈಯಿಂದ ಕಿತ್ತುಕೊಂಡು ತಾನೇ ಮುಚ್ಚಿ, ಮತ್ತೆ ತೆರೆದು, ಮತ್ತೆ ಮುಚ್ಚಿದಳು. ಗಾಡಿ ಕರ್ರೆಂದಿತು, ಎದ್ದಿತು, ಬಾಬೆಲ್ ಟ್ಯಾಂಕಿಗೆ ಒಂದು ಸುತ್ತು ಹಾಕಿ ಮೇಲಕ್ಕೆ ಹೋಯಿತು. ಅಷ್ಟು ಹೊತ್ತೂ ಪ್ರಫುಲ್ಲಾ ನನ್ನ ಕೈಹಿಡಿದಿದ್ದಳು. ಮೈದಾಹಿಟ್ಟು ನನ್ನ ಬೆರಳ ಸಂದಿಗೆಲ್ಲ ಅಂಟಿತ್ತು.

ಮಧ್ಯಾಹ್ನದ ಊಟದ ಹೊತ್ತಿಗೆ ಕಾಗೆ ವಾಪಸ್ಸು ಬಂತು. ಬಾಗಿಲು ತೆರೆದುಕೊಂಡು ತಬಿತಾ ಇಳಿದಳು. ಬಟ್ಟೆ ಒದ್ದೆ. ತಲೆಗೂದಲು ಮಾತ್ರ ಒಣಗಿತ್ತು, ಯಾರೋ ಒರೆಸಿ ಹಿಂದಕ್ಕೆ ಬಾಚಿದ ಹಾಗೆ. ತಾಯಿ ಅವಳನ್ನು ಅಪ್ಪಿಕೊಂಡು ಎರಡೇಟು ಹೊಡೆದು ಮತ್ತೆ ಅಪ್ಪಿಕೊಂಡಳು. ನಮ್ಮೂರು ಅಷ್ಟು ಜೋರಾಗಿ ಚಪ್ಪಾಳೆ ತಟ್ಟಿದ್ದನ್ನು ನಾನು ಕೇಳಿರಲಿಲ್ಲ.

"ಹೇಳು, ಹೇಳು," ಅಂದರು ಎಲ್ಲರೂ.

"ಮೇಲೆ ನೀರಿದೆ," ಅಂದಳು ತಬಿತಾ. ಅವಳ ಮುಖ ಬೆಳಗುತ್ತಿತ್ತು. "ನಿಜವಾಗ್ಲೂ ಇದೆ. ನಾವು ಕೆರೆ ಮೇಲಿಂದ ನೋಡೋ ಹಾಗಲ್ಲ, ತಳದಿಂದ ಏಳ್ತೀವಿ. ದಡ ಇದೆ. ದಡದಲ್ಲಿ ಜನ ಇದ್ದಾರೆ, ಬಟ್ಟೆ ಒಗೀತಾರೆ. ನಾನು ಏಳ್ತಿದ್ದಂಗೇ ಒಬ್ಬಮ್ಮ ಬಂದು ಏನೋ ಬೈದು, ತನ್ನ ಸೀರೆ ಸೆರಗಲ್ಲೇ ನನ್ನ ತಲೆ ಒರೆಸಿದ್ಳು. ಅಮ್ಮ ಕೊಟ್ಟ ಬನ್ನು ಅರ್ಧ ಅವಳಿಗೆ ಕೊಟ್ಟೆ."

ಅವಳು ಹೇಳುತ್ತಿದ್ದಂತೆ ಒಂದೊಂದೇ ಮುಖ ಆರಿದ್ದನ್ನು ನಾನು ನೋಡಿದೆ. ಯಾರೂ ಕೆಟ್ಟ ಮನಸ್ಸಿನಿಂದ ಹಾಗೆ ಮಾಡಲಿಲ್ಲ. ಎಲ್ಲರ ತುಟಿಯಲ್ಲೂ ಒಂದೇ ನಗು ಬಂತು. ಸಂತೆಯಲ್ಲಿ ಗಿಡಮೂಲಿಕೆ ಮಾರುವವನು ಕೂದಲು ಬರುತ್ತದೆ ಎಂದಾಗ ಬರುವ ನಗು. ನನ್ನ ತುಟಿಯನ್ನು ಮುಟ್ಟಿ ನೋಡಿಕೊಂಡೆ, ಅಲ್ಲಿಯೂ ಇತ್ತು.

ಸೊಲೊಮೋನ ಪ್ರೀತಿಯಿಂದಲೇ ಅವಳ ಬೆನ್ನು ತಟ್ಟಿದ. "ಆಯ್ತು ಬಿಡಮ್ಮ. ಸುಮ್ನೆ ಕಾಗೆ ಹಾರಿಸ್ಬೇಡ."

ಎಲ್ಲರೂ ಒಟ್ಟಿಗೆ ಗಾಡಿಯ ಕಡೆ ತಿರುಗಿದರು. ನಾನು ಬರೆದ ಬಿಳಿ ಅಕ್ಷರ ಬಿಸಿಲಿಗೆ ಹೊಳೆಯುತ್ತಿತ್ತು. ಅಯ್ಯನವರು ನಿಧಾನವಾಗಿ ಕನ್ನಡಕ ತೆಗೆದರು. ನಾವು ಸತ್ಯವೇದದ ಪುಟವನ್ನೆಲ್ಲ ಶೋಧಿಸಿದ್ದೆವು, ನಮ್ಮ ಬಾಯಿಯನ್ನೇ ಶೋಧಿಸಿರಲಿಲ್ಲ. ಸುಳ್ಳು ಕಟ್ಟಿ ಹೇಳುವವರನ್ನು ನಮ್ಮ ಭಾಷೆಯಲ್ಲಿ ಏನೆನ್ನುತ್ತಾರೆ ಎಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅಂದು ಹುಡುಗಿ ಊರಿನೆದುರು ಕಾಗೆ ಹಾರಿಸಿದ್ದಳು. ಇನ್ನು ಮುಂದೆ ಅವಳು ಏನು ಹೇಳಿದರೂ ಅಷ್ಟೇ.

ಆಮೇಲಿನ ದಿನಗಳಲ್ಲಿ ಊರು ನಂಬಲು ಬಹಳ ಪ್ರಯತ್ನಪಟ್ಟಿತು. ಪ್ರಫುಲ್ಲಾ ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು, "ಇನ್ನೊಂದ್ಸಲ ಹೇಳು ಮಗಾ" ಎಂದಳು. ಮಗಳು ಹೇಳಿದಳು. ತಾಯಿ ಕಣ್ಣು ತೆರೆದು ಸೋತವಳಂತೆ ಹಿಟ್ಟು ನಾದಲು ಹೋದಳು. ಅಯ್ಯನವರು ಭಾನುವಾರ ಆಕಾಶದ ಮೇಲಣ ನೀರಿನ ಬಗ್ಗೆಯೇ ಪ್ರಸಂಗ ಮಾಡಿದರು, ಎಲ್ಲರೂ ನಂಬಿ ಆಮೆನ್ ಎಂದರು. ತಬಿತಾ ಎದ್ದು "ಹೌದು, ನಾನು ನೋಡಿದೀನಿ" ಎಂದಳು, ಎಲ್ಲರೂ ಕೆಮ್ಮಿದರು. ಅಯ್ಯನವರೂ ಕೆಮ್ಮಿದರು. ಅವಳು ಮೇಲಿನಿಂದ ಒಂದು ಬಾಟಲಿಯಲ್ಲಿ ತುಂಬಿ ತಂದಿದ್ದ ನೀರನ್ನು ನೋಡಿದವರು ಬೇಕರಿಯ ಬೋರ್‌ವೆಲ್ ಈಗ ಎಷ್ಟು ತಿಳಿಯಾಗಿದೆ ಎಂದು ಹೊಗಳಿದರು.

ಗೇಲಿ ಮಾಡಿದ್ದರೆ ಅವಳು ಜಗಳವಾಡಿ ಬದುಕುತ್ತಿದ್ದಳು. ನಮ್ಮವರು ಗೇಲಿ ಮಾಡಲಿಲ್ಲ. ನಂಬಿದಂತೆ ನಟಿಸಿದರು. "ಮೇಲಿನವರೆಲ್ಲ ಕ್ಷೇಮವೇನಮ್ಮಾ?" ಎಂದು ದಾರಿಯಲ್ಲಿ ವಿಚಾರಿಸಿದರು. ಮಕ್ಕಳಿಗೆ ನಗಬೇಡಿ ಎಂದು ಕಣ್ಣಲ್ಲೇ ಗದರಿದರು. ಅಷ್ಟು ದಯೆಯನ್ನು ಯಾರು ತಡೆದುಕೊಳ್ಳುತ್ತಾರೆ? ಹುಡುಗಿ ಮಾತು ಬಿಟ್ಟಳು. ಗಾಡಿಯ ಮೇಲೆ ಮೈದಾ ಚೀಲ ಒಣಹಾಕಿದಳು. ವಾಚನಾಲಯಕ್ಕೆ ಬಂದು, ತಾನು ತೆಗೆದುಕೊಂಡಿದ್ದ ಆಕಾಶಯಾನದ ಪುಸ್ತಕಗಳನ್ನು ಮೇಜಿನ ಮೇಲಿಟ್ಟು, "ಇನ್ನು ಬೇಡ ಟೀಚರಜ್ಜಿ. ಅಡುಗೆ ಪುಸ್ತಕ ಇದ್ರೆ ಕೊಡಿ," ಎಂದಳು.

ನಾನು ಅಡುಗೆ ಪುಸ್ತಕ ಕೊಟ್ಟೆ. ಅವಳು ಬಾಗಿಲು ದಾಟುವಾಗ ಮನಸ್ಸು ತಡೆಯಲಿಲ್ಲ.

"ತಬಿತಾ, ನನಗೂ ನಂಬೋಕಾಗ್ತಿಲ್ಲ ಕಣೇ."

ಅವಳು ತಿರುಗಿ ನಿಂತಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ಕೋಪ ಕಂಡು ನನಗೆ ಸಮಾಧಾನವಾಯಿತು. "ಅಬ್ಬ, ಒಬ್ರಾದ್ರೂ ಬಾಯಿಬಿಟ್ಟು ಹೇಳಿದ್ರಲ್ಲ!"

"ನನ್ನನ್ನ ಕರ್ಕೊಂಡು ಹೋಗು."

"ನೀವಾ? ಮೆಟ್ಟಿಲು ಹತ್ತೋಕೇ ಸೊಲೊಮೋನ್ ಮಾಮ ಕೈ ಕೊಡ್ಬೇಕು ನಿಮಗೆ."

"ಗಾಡೀಲಿ ಮೆಟ್ಟಿಲಿಲ್ವಲ್ಲ."

ಅವಳು ನಗಲಿಲ್ಲ. ಬಂದು ನನ್ನೆದುರು ಕುಳಿತಳು. "ಯೋಚಿಸಿದ್ದೀರಾ? ಆಮೇಲೆ ನಿಮ್ಮ ಮಾತೂ ಯಾರೂ ನಂಬಲ್ಲ. ಆ ಗಾಡೀಲಿ ಹೋಗಿಬಂದವರು ಹೇಳೋದೆಲ್ಲ ಕಾಗೇನೇ. ನಾನು ಯಾರು, ಬೇಕರಿ ಹುಡುಗಿ. ನಿಮ್ಮ ಒಂದು ಮಾತಿಗೆ ಜನ ಜಗಳ ನಿಲ್ಲಿಸ್ತಾರೆ. ಅದು ಹೋಗುತ್ತೆ."

ಯೋಚಿಸಿರಲಿಲ್ಲ. ಆ ಮಧ್ಯಾಹ್ನ ಯೋಚಿಸಿದೆ. ನನ್ನ ಮಾತಿನ ಬೆಲೆ ನನಗೆ ಚೆನ್ನಾಗಿ ಗೊತ್ತಿತ್ತು, ಅದರಲ್ಲೇ ಒಂದಿಷ್ಟು ಜಂಬವೂ ಇತ್ತು. ಆದರೆ ಇಷ್ಟು ವರ್ಷ ಆ ಮಾತನ್ನು ಯಾವುದಕ್ಕೆ ಖರ್ಚು ಮಾಡಿದ್ದೆ? ಯಾರ ಹೇಂಟೆ ಯಾರ ಅಂಗಳದಲ್ಲಿ ಮೊಟ್ಟೆ ಇಟ್ಟಿತು ಎನ್ನುವುದಕ್ಕೆ. ಜನ ನಂಬುವ ಬಾಯಿಟ್ಟುಕೊಂಡು ಹೇಳಬೇಕಾದದ್ದೇನನ್ನೂ ನೋಡದೆ ಸಾಯುವುದೂ ಒಂದು ದರಿದ್ರವೇ. "ಶಾಲು ತಗೋಬೇಕಾ?" ಎಂದು ಕೇಳಿದೆ.

"ಒದ್ದೆಯಾಗುತ್ತೆ," ಅಂದಳು ತಬಿತಾ.

ಮರುದಿನ ಬೆಳಿಗ್ಗೆ ಹೋದೆವು. ಆಟೋದ ಸೀಟಿನಲ್ಲಿ ಇಬ್ಬರು ಹೆಂಗಸರು ಸಲೀಸಾಗಿ ಹಿಡಿಸುತ್ತಾರೆ. ಬಾಬೆಲ್ ಟ್ಯಾಂಕಿನ ತೆರೆದ ಬಾಯಿ ಕೆಳಗೆ ಬಟ್ಟಲಷ್ಟಾಯಿತು, ಬೊಟ್ಟಿನಷ್ಟಾಯಿತು. ನಾನು ಕಣ್ಣು ಮುಚ್ಚಿ ಇಪ್ಪತ್ತಮೂರನೆಯ ಕೀರ್ತನೆ ಹೇಳತೊಡಗಿದೆ. "ಅದರಲ್ಲಿ ಸಾವಿನ ನೆರಳಿನ ಕಣಿವೆ ಬರುತ್ತೆ, ಈಗ ಬೇಡ," ಅಂದಳು ತಬಿತಾ. ಆಮೇಲೆ ಮೈಗೆಲ್ಲ ತಣ್ಣಗಾಯಿತು.

ನೀವು ನಂಬುವುದಿಲ್ಲ, ನಂಬಲು ನಿಮಗೆ ಸಾಧ್ಯವೂ ಇಲ್ಲ, ಆದರೂ ಹೇಳುತ್ತೇನೆ. ನಾವು ನೀರಿನ ತಳದಿಂದ ಎದ್ದೆವು. ನೀರಿಗೆ ಮಣ್ಣಿನ ವಾಸನೆಯಿರಲಿಲ್ಲ, ಒಗೆದ ಹತ್ತಿಯ ವಾಸನೆಯಿತ್ತು. ದಡದಲ್ಲಿ ಜನ ಬಟ್ಟೆ ಕುಕ್ಕುತ್ತಿದ್ದರು. ಒಂದು ಹೆಂಗಸು ಕೈಯಲ್ಲಿದ್ದ ಬಟ್ಟೆ ಬಿಟ್ಟು ಓಡಿಬಂದು, ಮೊದಲು ತಬಿತಾಳ ಕೆನ್ನೆ ಹಿಂಡಿ, ಆಮೇಲೆ ನನ್ನನ್ನು ನೋಡಿ ಗಾಬರಿಯಾದಳು. ಅವಳ ಭಾಷೆ ನನಗೆ ಬರುವುದಿಲ್ಲ. ಆದರೆ ಈ ವಯಸ್ಸಿನಲ್ಲಿ ತಣ್ಣೀರಿಗೆ ಬೀಳುತ್ತೀಯಲ್ಲ, ನಿನಗೇನು ಬುದ್ಧಿಯಿಲ್ಲವೇ ಎಂಬ ಮಾತು ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ. ನನ್ನ ಜಡೆ ಬಿಚ್ಚಿ, ತನ್ನ ಸೆರಗಿನಿಂದ ಒರೆಸಿ, ಬೆರಳಿನಿಂದ ಸಿಕ್ಕು ಬಿಡಿಸಿ ಮತ್ತೆ ಹೆಣೆದಳು. ನನ್ನ ತಲೆಯನ್ನು ಬೇರೆಯವರು ಮುಟ್ಟಿ ಬಾಚಿ ಎಷ್ಟು ಕಾಲವಾಗಿತ್ತೋ! ನಾನು ಅತ್ತೆ. ಎಲ್ಲ ಹೇಗೂ ಒದ್ದೆಯಿತ್ತು, ಯಾರಿಗೂ ಗೊತ್ತಾಗಲಿಲ್ಲ.

ವಾಪಸ್ಸು ಬಂದಾಗ ಹಿತ್ತಲಲ್ಲಿ ಜನ ಸೇರಿದ್ದರು. ನನ್ನನ್ನು ಕಂಡ ಸೊಲೊಮೋನ ಖುಷಿಯಿಂದ ಕೂಗಿದ, "ಸದ್ಯ! ಟೀಚರಮ್ಮ ಹೇಳ್ಬಿಡ್ಲಿ. ಅವರು ಹೇಳಿದ್ಮೇಲೆ ಮುಗೀತು." ಅಯ್ಯನವರೂ ಮುಂದೆ ಬಂದು ನಿಂತರು. ಇಷ್ಟು ವರ್ಷ ನನ್ನ ಮಾತಿಗಾಗಿ ಕಾದ ಅದೇ ಮುಖಗಳು. ಸೀಟಿನಲ್ಲಿ ಕುಳಿತಲ್ಲಿಂದಲೇ ಒಂದು ಸಲ ಎಲ್ಲರನ್ನೂ ನೋಡಿಕೊಂಡೆ. ಅವರು ನನ್ನನ್ನು ಹಾಗೆ ನೋಡುವುದು ಅದೇ ಕೊನೆ. ಏನೂ ಕಾಣಲಿಲ್ಲ, ಬರೀ ಮೋಡ ಎಂದುಬಿಟ್ಟರೆ? ಆ ಯೋಚನೆಯೂ ಬಂತು. ಆದರೆ ಆ ಗಾಡಿಯಿಂದ ಇಳಿದವರು ಸುಳ್ಳು ಹೇಳಿದರೂ ಯಾರೂ ನಂಬುವುದಿಲ್ಲ ಎಂಬುದು ನೆನಪಾಗಿ ನಗು ಬಂತು.

"ಮೇಲೆ ನೀರಿದೆ," ಅಂದೆ. "ಒಬ್ಬಾಕೆ ನನಗೆ ಜಡೆ ಹಾಕಿದ್ಳು. ನೋಡಿ."

ಮುಖಗಳು ಒಂದೊಂದಾಗಿ ಆರಿದವು. ಅಯ್ಯನವರು ನೆಲ ನೋಡಿದರು. "ಟೀಚರಮ್ಮಂಗೂ ವಯಸ್ಸಾಯ್ತು ಪಾಪ," ಎಂದು ಸೊಲೊಮೋನ ಪಿಸುಗುಟ್ಟಿದ. ತನ್ನ ಪಿಸುಮಾತು ಬೀದಿಯ ತುದಿಗೂ ಕೇಳಿಸುತ್ತದೆ ಎಂದು ಅವನಿಗೆ ಇನ್ನೂ ಗೊತ್ತಿಲ್ಲ. ಕ್ಷೌರದಂಗಡಿಯವನು ಒಂದು ಲೋಟ ಮಜ್ಜಿಗೆ ತಂದು ನನ್ನ ಕೈಗಿಟ್ಟ. ತಬಿತಾ ನನ್ನ ಪಕ್ಕದಲ್ಲಿ ಕುಳಿತು, ಬಾಯಿಗೆ ಕೈ ಅಡ್ಡ ಹಿಡಿದು, ಭುಜ ಕುಣಿಸಿಕೊಂಡು ನಗುತ್ತಿದ್ದಳು. ಅಷ್ಟು ದಿನದಿಂದ ಒಬ್ಬಳೇ ಹೊತ್ತಿದ್ದ ಸುಳ್ಳುಗಾತಿ ಪಟ್ಟಕ್ಕೆ ಜೊತೆ ಸಿಕ್ಕಿತ್ತಲ್ಲ!

ಜನ ಚದುರಿದರು, ಪ್ರಫುಲ್ಲಾ ಮಾತ್ರ ಹೋಗಲಿಲ್ಲ. ಗಾಡಿಯ ಹತ್ತಿರ ಬಂದು ನನ್ನ ಜಡೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ಮಗಳ ಒಣಗಿದ ತಲೆಯನ್ನೂ ಮುಟ್ಟಿದಳು. ಆಮೇಲೆ ಒಳಗೆ ಹೋಗಿ ಒಲೆ ಆರಿಸಿ, ಬೇಕರಿಯ ಬಾಗಿಲೆಳೆದು, ಒಂದು ಬುಟ್ಟಿ ಬನ್ನು ಹೊತ್ತುಕೊಂಡು ಬಂದಳು. ಚಪ್ಪಲಿಯನ್ನು ಹೊರಗೆ ಬಿಟ್ಟು ಗಾಡಿಯೊಳಗೆ ಒಂದು ಕಾಲಿಟ್ಟಳು.

"ನಂಬಿದ್ಯಾ ಅಮ್ಮ?" ತಬಿತಾ ಕೇಳಿದಳು.

"ಒಂದಕ್ಷರಾನೂ ಇಲ್ಲ," ಅಂದಳು ಪ್ರಫುಲ್ಲಾ. "ಚೂರು ಆ ಕಡೆ ಸರ್ಕೋ."